ಮನೆಗೆ ಇಲ್ಲದ ವಯಸ್ಸು

ಲಿಫ್ಟಣ್ಣ ನಮ್ಮ ಎದುರು ಮನೆಯವನು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಯಾರಾದರೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಕೂಗಾಡಿದರೆ ಇವನಿಗೆ ಫೋನ್ ಬರುತ್ತಿತ್ತು. ಬೈಕಿನ ಹಿಂದೆ ಟೂಲ್ ಡಬ್ಬ ಕಟ್ಟಿಕೊಂಡು ಹೊರಡುವಾಗ ಅವನ ಗತ್ತು ನೋಡಬೇಕಿತ್ತು, ಆಪರೇಷನ್‌ಗೆ ಹೊರಟ ಡಾಕ್ಟರೇ ಸರಿ. ಮಾತೂ ಹಾಗೇ. ಒಂದು ಹೇಳಬೇಕಾದ ಕಡೆ ನಾಲ್ಕು ಹೇಳುವವನು. ಮೂರನೇ ಮಹಡಿಯಲ್ಲಿ ಸಿಕ್ಕಿಕೊಂಡವರು ಇವನು ಮನೆಗೆ ಬರುವಷ್ಟರಲ್ಲಿ ಹದಿಮೂರನೇ ಮಹಡಿಗೆ ಏರಿರುತ್ತಿದ್ದರು. ಅವನ ಬುರುಡೆಯಿಂದ ಯಾರಿಗೂ ಬಿಡಿಗಾಸು ನಷ್ಟವಾದದ್ದಿಲ್ಲ, ಹಾಗಾಗಿ ಕೇಳಿ ನಕ್ಕು ಸುಮ್ಮನಾಗುತ್ತಿದ್ದೆವು. ಯಾರಾದರೂ ಆಗಲೇ ಗದರಿಸಿದ್ದರೆ ಚೆನ್ನಾಗಿತ್ತು.

ನಾನು ಬಟ್ಟೆ ಹೊಲಿಯುವವಳು. ಮೆಷಿನ್ನು ಬೀದಿ ಕಡೆಯ ಕಿಟಕಿ ಪಕ್ಕದಲ್ಲೇ ಇದೆ. ಕೈ ತನ್ನ ಪಾಡಿಗೆ ಹೊಲಿಯುತ್ತದೆ, ಕಣ್ಣು ಬೀದಿಯಲ್ಲಿರುತ್ತದೆ. ಆದ್ದರಿಂದ ಈ ಕತೆಯಲ್ಲಿ ನಾನು ಕಂಡದ್ದೇ ಹೆಚ್ಚು, ಕೇಳಿದ್ದು ಕಡಿಮೆ.

ಲಿಫ್ಟಣ್ಣನಿಗೆ ಒಬ್ಬಳೇ ಅಕ್ಕ. ಬೀದಿಗೆಲ್ಲ ಅವಳು ದೊಡ್ಡಕ್ಕ. ಅಪ್ಪ ಸತ್ತಾಗ ಇವನಿನ್ನೂ ಚಡ್ಡಿ ಹಾಕುವ ಹುಡುಗ. ಓದು ಬಿಟ್ಟು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ ತಮ್ಮನನ್ನು ಓದಿಸಿದಳು, ಲಿಫ್ಟ್ ಕಂಪನಿಯವರ ಮುಂದೆ ನಿಂತು ಕೆಲಸ ಕೊಡಿಸಿದಳು, ಮದುವೆಯನ್ನೂ ಮಾಡಿದಳು. ಹುಡುಗಿ ಕಡೆಯವರು "ಮನೆಯಲ್ಲಿ ಅಕ್ಕನಿಗೂ ಪಾಲಿದೆಯಲ್ಲ" ಅಂತ ರಾಗ ಎಳೆದಾಗ, ಹೋಗಿ ಸಹಿ ಹಾಕಿ ಪಾಲು ಬಿಟ್ಟುಕೊಟ್ಟು ಬಂದಳು. ತನ್ನ ಮದುವೆಯ ಮಾತು ಎತ್ತಿದವರಿಗೆ "ನನಗೆ ವಾರ್ಡ್ ತುಂಬ ಸಂಸಾರ ಇದೆ" ಅನ್ನುತ್ತಿದ್ದಳು.

ಅವಳಿದ್ದದ್ದು ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ. ಒಂದು ಕೋಣೆಯಲ್ಲಿ ನಾಲ್ಕು ಹೆಂಗಸರು, ಮಂಚ ಎರಡು. ಹಗಲು ಪಾಳಿಯವಳು ಎದ್ದು ಹೋದ ಹಾಸಿಗೆಗೆ ರಾತ್ರಿ ಪಾಳಿಯವಳು ಬಂದು ಬೀಳುತ್ತಿದ್ದಳು. "ಮಲಗೋಕೆ ಹೋದಾಗೆಲ್ಲ ದಿಂಬು ಬಿಸಿ ಇರ್ತಿತ್ತು ಕಣೇ, ಬೇರೆಯವರ ತಲೆ ಬಿಸಿ" ಅಂತ ಒಮ್ಮೆ ನನ್ನ ಹತ್ತಿರ ನಗುತ್ತಾ ಹೇಳಿದ್ದಳು. ನನಗೆ ನಗು ಬರಲಿಲ್ಲ.

ರಿಟೈರ್ ಆದ ಮೇಲೆ ಅಕ್ಕನಿಗೊಂದು ಕೋಣೆ ಕಟ್ಟಿಸಿಕೊಡುತ್ತೇನೆ ಅಂತ ಲಿಫ್ಟಣ್ಣ ಮಾತು ಕೊಟ್ಟಿದ್ದ. ಅಡುಗೆಮನೆ ಮೇಲೆ, ಹಿತ್ತಲ ಕಡೆಗೆ. ಅವನ ಮಾತುಗಳಲ್ಲಿ ಇದೊಂದೇ ಬುರುಡೆ ಅಲ್ಲದ್ದು. ಸಂಬಳ ಬಂದಾಗಲೆಲ್ಲ ಅದಕ್ಕೆಂದೇ ಒಂದಿಷ್ಟು ತೆಗೆದಿಡುತ್ತಿದ್ದ. ರಜೆಯಲ್ಲಿ ಅಕ್ಕ ಬಂದರೆ ಇಬ್ಬರೂ ಹಿತ್ತಲಲ್ಲಿ ಕುತ್ತಿಗೆ ಎತ್ತಿ ನಿಂತು ಆಕಾಶದಲ್ಲೇ ಕೋಣೆ ಕಟ್ಟುವವರು.

"ಕಿಟಕಿ ಈ ಕಡೆ ಇಡೋಣ, ಗಾಳಿ ಬರತ್ತೆ. ಸ್ವಿಚ್ಚು ಮಂಚದ ಪಕ್ಕಾನೇ, ನೀನು ಏಳೋದೇ ಬೇಡ."

"ಕಿಟಕಿ ಎಲ್ಲಾದ್ರೂ ಇಡೋ. ಬಾಗಿಲಿಗೆ ಒಳಗಡೆಯಿಂದ ಚಿಲಕ ಇರಲಿ, ಅಷ್ಟು ಸಾಕು."

ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು. ಆ ಹೆಂಗಸು ಜೀವಮಾನದಲ್ಲಿ ತನಗಾಗಿ ಕೇಳಿದ್ದು ಅಷ್ಟೇ.

ಅಷ್ಟರಲ್ಲಿ ನಮ್ಮ ಬೀದಿಯ ಹಣೆಬರಹ ಬದಲಾಗಲು ಶುರುವಾಯಿತು. ಹಿಂದಿನ ಬೀದಿಯಲ್ಲಿ ಬಿಲ್ಡರೊಬ್ಬ ಸಾಲು ಮನೆಗಳನ್ನು ಕೊಂಡು ಕೆಡವಿ ಏಳು ಮಹಡಿ ಎಬ್ಬಿಸಿದ. ನಮ್ಮ ಅಂಗಳದ ಬಿಸಿಲು ಹೋಯಿತು. ಇನ್ನು ನಮ್ಮ ಸರದಿ ಅಂತ ಹೆದರಿ ಎಲ್ಲರೂ ಸೇರಿ ನಗರಸಭೆಗೆ ಅರ್ಜಿ ಕೊಟ್ಟೆವು. ನಮ್ಮ ಬೀದಿ ಹಳೆಯದು, ಚಂದದ್ದು, ಉಳಿಸಿಕೊಡಿ ಅಂತ. ಮೊದಲ ಸಹಿ ಲಿಫ್ಟಣ್ಣನದೇ. ಹಳೆಯ ಮನೆಗಳನ್ನು ಕಾಪಾಡುವ ಕಾನೂನು ನಮ್ಮ ಬೀದಿಗೂ ಬಂತು. ಅದರ ಹಿಂದೆಯೇ ಮನೆಮನೆಯ ವಯಸ್ಸು ಕೇಳುವ ಸರ್ವೆಯವರೂ ಬಂದರು.

ಲಿಫ್ಟಣ್ಣನ ಮನೆ ನಿಜವಾಗಿ ಎಷ್ಟು ಹಳೆಯದು ಅಂತ ನನಗೆ ಗೊತ್ತಿತ್ತು. ಅದನ್ನು ಕಟ್ಟುವುದನ್ನು ನಮ್ಮ ಅತ್ತೆ ಕಣ್ಣಾರೆ ನೋಡಿದ್ದರು. ಲಿಫ್ಟಣ್ಣನ ಅಪ್ಪ ಮನೆ ಕೆಡವುವ ಕೂಲಿ. ಹಾರೆ, ಸುತ್ತಿಗೆ ಹಿಡಿದು ಬೇರೆಯವರ ಮನೆ ಬೀಳಿಸಿ ಹೊಟ್ಟೆ ಹೊರೆದವನು. ಊರಿನ ಯಾರೋ ಸಾಹುಕಾರರ ಬಂಗಲೆ ಕೆಡವಿದಾಗ ಅದರ ಕಂಬ, ಬಾಗಿಲು, ಕಿಟಕಿಗಳನ್ನು ಸೌದೆ ಬೆಲೆಗೆ ಕೊಂಡು, ಗಾಡಿ ಮೇಲೆ ಹೇರಿಕೊಂಡು ಬಂದು ಇಲ್ಲಿ ಮನೆ ನಿಲ್ಲಿಸಿದ. ಪುಟ್ಟ ಮನೆಗೆ ಅರಮನೆ ಬಾಗಿಲು. ಬಾಗಿಲ ಮೇಲಿನ ಪಟ್ಟಿಯಲ್ಲಿ ಆ ಬಂಗಲೆ ಕಟ್ಟಿದ ಹಳೇ ಇಸವಿ ಕೆತ್ತಿದ್ದು ಹಾಗೇ ಇತ್ತು.

ಸರ್ವೆಗೆ ಬಂದ ಆರ್ಕಿಟೆಕ್ಟ್ ಮೇಡಂ ಆ ಇಸವಿ ಓದಿ ಕಣ್ಣರಳಿಸಿದಳು. "ಯಾರು ಕಟ್ಟಿಸಿದ್ದು ಸರ್ ಇದನ್ನ?"

ಯಾರಾದರೂ ಲಿಫ್ಟಣ್ಣನನ್ನು "ಸರ್" ಅಂದದ್ದು ಅದೇ ಮೊದಲಿರಬೇಕು. ತೆಗೆದುಕೊಳ್ಳಿ, ಶುರುವಾಯಿತು.

"ನಮ್ಮ ಮುತ್ತಜ್ಜ, ಮೇಡಂ. ದೊಡ್ಡ ಮನೆತನ. ಕುದುರೆ ಮೇಲೆ ಓಡಾಡ್ತಿದ್ರಂತೆ. ಈ ಕಂಬ ಮುಟ್ಟಿ ನೋಡಿ, ಅವರು ಹಡಗಲ್ಲಿ ತರಿಸಿದ್ದು!"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಕಿಟಕಿಯಲ್ಲಿ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಮೇಡಂ ಎಲ್ಲವನ್ನೂ ಬರೆದುಕೊಂಡು ಹೋದಳು. ರಜೆಯಲ್ಲಿ ಬಂದಿದ್ದ ದೊಡ್ಡಕ್ಕ ಒಳಗಿನಿಂದ ಬಂದು ಇಷ್ಟೇ ಕೇಳಿದಳು: "ಅಪ್ಪನ ಹೆಸರು ಹೇಳೋಕೆ ನಾಚಿಕೆ ಆಯ್ತೇನೋ?"

"ಬಿಡಕ್ಕಾ, ಸುಮ್ನೆ ಒಂದು ಮಾತು" ಅಂದ ಅವನು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಸರ್ವೆ ಮುಗಿದು ಮನೆಗಳ ದರ್ಜೆಗಳು ಹೊರಬಿದ್ದವು. ನಮ್ಮದೂ ಸೇರಿ ಮಿಕ್ಕೆಲ್ಲ ಮನೆಗಳಿಗೆ ಮೂರನೇ ದರ್ಜೆ. ಮುಂಭಾಗ ಮುಟ್ಟಬಾರದು, ಹಿಂದೆ ಒಂದು ಮಹಡಿ ಕಟ್ಟಿಕೊಳ್ಳಬಹುದು. ಲಿಫ್ಟಣ್ಣನ ಮನೆಗೆ ಮಾತ್ರ ಒಂದನೇ ದರ್ಜೆ. ಹಿಂದೆ, ಮುಂದೆ, ಮೇಲೆ, ಎಲ್ಲಿಯೂ ಏನೂ ಮಾಡುವ ಹಾಗಿಲ್ಲ. ಮೊದಲು ಅವನು ಅದನ್ನು ಪರೀಕ್ಷೆಯಲ್ಲಿ ಬಂದ ಫಸ್ಟ್ ಕ್ಲಾಸ್ ಅಂತಲೇ ತಿಳಿದು ಬೀದಿಗೆಲ್ಲ ಸಿಹಿ ಹಂಚಿದ. ಮಹಡಿ ಕೋಣೆಯ ನಕ್ಷೆ ಹಿಡಿದು ಹೋಗಿ, ಆಗುವುದಿಲ್ಲ ಅನ್ನಿಸಿಕೊಂಡು ಬಂದ ದಿನ ಅವನ ಮುಖದಲ್ಲಿ ರಕ್ತವಿರಲಿಲ್ಲ.

ಮಾರಿ ಬೇರೆ ಕಡೆ ಹೋಗೋಣವೆಂದರೆ, ಮೊಳೆ ಹೊಡೆಯಲೂ ಅಪ್ಪಣೆ ಬೇಕಾದ ಮನೆಯನ್ನು ಕೊಳ್ಳುವವರು ಯಾರು? ಕದ್ದು ಕಟ್ಟು ಅಂದವರೂ ಇದ್ದರು. ದೊಡ್ಡಕ್ಕ ಒಪ್ಪಲಿಲ್ಲ. "ಯಾವಾಗ ಬಂದು ಒಡೀತಾರೋ ಅನ್ನೋ ಕೋಣೇಲಿ ನಿದ್ದೆ ಬರುತ್ತೇನೋ?" ಅಂದಳು. ಅವಳು ರಿಟೈರ್ ಆಗುವ ದಿನ ಬೇರೆ ಹತ್ತಿರ ಬರುತ್ತಿತ್ತು. ಅತ್ತ ದರಿ ಇತ್ತ ಪುಲಿ.

ಕೊನೆಗೆ ನಿಜ ಹೇಳಿಬಿಡುವುದು ಅಂತ ಲಿಫ್ಟಣ್ಣ ತೀರ್ಮಾನಿಸಿದ. ಅವನಿಗದು ಎಷ್ಟು ಕಷ್ಟ ಅಂತ ಕಂಡವರಿಗೇ ಗೊತ್ತು. ಶರ್ಟಿಗೆ ನಾನೇ ಇಸ್ತ್ರಿ ಹಾಕಿಕೊಟ್ಟೆ, ಸಾಕ್ಷಿಗೆಂದು ನಗರಸಭೆಗೆ ಜೊತೆಯಲ್ಲೂ ಹೋದೆ. ದೊಡ್ಡ ಮೇಜಿನ ಆ ಕಡೆ ದರ್ಜೆ ಕೊಟ್ಟ ಸಮಿತಿಯವರು, ಈ ಕಡೆ ಬೆಂಚಿನ ಮೇಲೆ ನಮ್ಮಂಥವರು ಸಾಲಾಗಿ. ಸರದಿ ಬಂದಾಗ ಅವನು ಎದ್ದು ನಿಂತು, ಅಷ್ಟೂ ಜನರ ಮುಂದೆ ಹೇಳಿದ.

"ಸ್ವಾಮಿ, ನಾನು ಹೇಳಿದ್ದು ಸುಳ್ಳು. ಮುತ್ತಜ್ಜನೂ ಇಲ್ಲ, ಕುದುರೆನೂ ಇಲ್ಲ. ನಮ್ಮಪ್ಪ ಮನೆ ಕೆಡವೋ ಕೂಲಿ. ಕಂಬ, ಬಾಗಿಲು ಎಲ್ಲಾ ಬೇರೆಯವರ ಮನೇದು. ಸೌದೆ ರೇಟಿಗೆ ತಂದು ಹಾಕಿದ್ದು. ನಮ್ಮದು ಹಳೇ ಮನೆನೇ ಅಲ್ಲ."

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಕಟ್ಟೋಕೆ ಪರ್ಮಿಷನ್ ಬೇಕು ಅಂದ ಕೂಡಲೇ ಎಲ್ಲರ ಮನೆನೂ ಹೊಸದಾಗಿಬಿಡತ್ತೆ. ನಿಮಗಿಂತ ಮುಂಚೆ ಬಂದವರೂ ಇದನ್ನೇ ಹೇಳಿದ್ರು. ಬಾಗಿಲ ಮೇಲೆ ಇಸವಿ ಇದೆಯಲ್ರೀ."

ನಾನು ಎದ್ದು ನಮ್ಮ ಅತ್ತೆ ನೋಡಿದ್ದನ್ನು ಹೇಳಿದೆ. "ಅತ್ತೆಯವರನ್ನ ಕರೆಸಿ" ಅಂದರು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಬುರುಡೆ ಬಿಟ್ಟಾಗ ಬರೆದುಕೊಳ್ಳುತ್ತಾರೆ, ಕಣ್ಣಲ್ಲಿ ನೀರು ತುಂಬಿಕೊಂಡು ನಿಜ ಹೇಳಿದಾಗ ನಗುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

ಒಬ್ಬಳೇ ಒಬ್ಬಳು ನಂಬಿದಳು. ಅದೇ ಆರ್ಕಿಟೆಕ್ಟ್ ಮೇಡಂ. ಮರುವಾರ ಟಾರ್ಚ್ ಹಿಡಿದು ತಾನಾಗಿ ಬಂದಳು. ಕಂಬಗಳ ಬುಡ ನೋಡಿದಳು. ಗರಗಸದಿಂದ ಕತ್ತರಿಸಿ ಗಿಡ್ಡ ಮಾಡಿದ ಗುರುತಿತ್ತು. ಹಳೇ ತೊಲೆ ಕೂತಿದ್ದ ತೂತುಗಳಿಗೆ ಬೇರೆ ಮರ ತುಂಬಿದ್ದು ಕಂಡಿತು. ಸುಮಾರು ಹೊತ್ತು ನೋಡಿ, "ನೀವು ಹೇಳಿದ್ದು ನಿಜ ಸರ್" ಅಂದಳು. ಲಿಫ್ಟಣ್ಣ ಕೈ ಮುಗಿದ. ಅವನ ಹೆಂಡತಿ ಒಳಗೆ ಓಡಿ ಚಹಾಕ್ಕೆ ನೀರಿಟ್ಟಳು. ಕೋಣೆ ಎದ್ದೇ ಬಿಟ್ಟಿತು ಅಂದುಕೊಂಡೆ ನಾನೂ.

ಮೇಡಂ ಚಹಾ ಕುಡಿಯುತ್ತಾ ಬಹಳ ಸಂತೋಷದಿಂದ ಹೇಳಿದಳು. ಆ ಬಂಗಲೆಯ ಒಂದು ಇಟ್ಟಿಗೆಯೂ ಈಗ ಎಲ್ಲಿಯೂ ಉಳಿದಿಲ್ಲ. ಉಳಿದಿರುವುದೆಲ್ಲ ಇಲ್ಲಿ, ಈ ಮನೆಯಲ್ಲಿ. ಅದೂ ಒಬ್ಬ ಕೂಲಿಯವನು ಸ್ವಂತ ಕೈಯಿಂದ ಉಳಿಸಿದ್ದು. ಇಂಥ ಮನೆ ಎಲ್ಲಿಯೂ ಇಲ್ಲ. ಒಂದನೇ ದರ್ಜೆ ಖಾಯಂ ಮಾಡಲು ತಾನೇ ಬರೆಯುತ್ತಾಳಂತೆ.

ಒಳ್ಳೆಯ ಹುಡುಗಿ. ಬೈಯಲೂ ಬಾಯಿ ಬರಲಿಲ್ಲ. ಸುಳ್ಳು ಹೇಳಿದರೂ ಅದೇ, ನಿಜ ಹೇಳಿದರೂ ಅದೇ. ಸ್ವಲ್ಪ ದಿನಕ್ಕೆ ಗೋಡೆಗೆ ಹಿತ್ತಾಳೆ ಫಲಕ ಬಂತು, ಅದರ ಮೇಲೆ ಲಿಫ್ಟಣ್ಣನ ಅಪ್ಪನ ಹೆಸರೂ ಬಂತು. ಭಾನುವಾರ ಬೆಳಿಗ್ಗೆ ಗೈಡ್ ಒಬ್ಬ ಹಳೇ ಬೀದಿ ತೋರಿಸಲು ಜನರನ್ನು ಕರೆತರತೊಡಗಿದ.

ದೊಡ್ಡಕ್ಕ ರಿಟೈರ್ ಆದಳು. ಕ್ವಾರ್ಟರ್ಸ್ ಬಿಟ್ಟು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬಂದಳು. ಮನೆಯಲ್ಲಿದ್ದದ್ದು ಮುಂದಿನ ಕೋಣೆ, ಒಳಗಿನ ಕೋಣೆ, ಅಡುಗೆಮನೆ. ಒಳಗಿನ ಕೋಣೆಯಲ್ಲಿ ಲಿಫ್ಟಣ್ಣನ ಮಗ, ಸೊಸೆ, ಅವರ ಕೂಸು. ಮುಂದಿನ ಕೋಣೆಯಲ್ಲಿ ಗಂಡ, ಹೆಂಡತಿ, ಟಿವಿ, ಬೀರು. ದೊಡ್ಡಕ್ಕ ಅಡುಗೆಮನೆ ಬಾಗಿಲಲ್ಲಿ ಹಾಸಿಕೊಳ್ಳುತ್ತಿದ್ದಳು. ಕೂಸಿಗೆ ಹಾಲು ಕಾಯಿಸಲು ಎದ್ದ ಸೊಸೆ ಅವಳನ್ನು ದಾಟಿಕೊಂಡೇ ಹೋಗಬೇಕು. ಸೊಸೆ ಕೆಟ್ಟವಳಲ್ಲ, ದಾಟುವಾಗೆಲ್ಲ "ಕ್ಷಮಿಸಿ ಅತ್ತೆ" ಅನ್ನುತ್ತಿದ್ದಳಂತೆ. ಆ ಕ್ಷಮಿಸಿ ಕೇಳಿಸಿಕೊಳ್ಳುವುದು ದೊಡ್ಡಕ್ಕನಿಗೆ ಹಿಂಸೆಯಾಯಿತು.

ಅಷ್ಟರಲ್ಲಿ ನಾವು ಹಿಂದುಗಡೆ ಮಹಡಿ ಎಬ್ಬಿಸಿದ್ದೆವು. ಮೂರನೇ ದರ್ಜೆಯವರಲ್ಲವೇ ನಾವು! "ಬಂದಿರು ದೊಡ್ಡಕ್ಕಾ, ಬಾಡಿಗೆ ಗೀಡಿಗೆ ಏನೂ ಬೇಡ" ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ತಮ್ಮನ ಮನೆ ಎದುರೇ ಇನ್ನೊಬ್ಬರ ಮನೇಲಿ ಇದ್ರೆ ಅವನು ತಲೆ ಎತ್ತಿ ಓಡಾಡ್ತಾನೇನೇ? ಬೇಡ ಕಣೇ."

ಅವಳು ಕಂಡುಕೊಂಡ ದಾರಿಯೇ ಬೇರೆ. ಹಿಂದಿನ ಏಳು ಮಹಡಿ ಕಟ್ಟಡದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ. ಊಟ ಅಲ್ಲೇ, ರಾತ್ರಿಯೂ ಅಲ್ಲೇ, ಮುದುಕಿಯ ಮಂಚದ ಪಕ್ಕ ಮಡಿಸುವ ಮಂಚ ಹಾಕಿಕೊಂಡು. ರಿಟೈರ್ ಆದ ಹೆಂಗಸು ಮತ್ತೆ ಬೆಡ್‌ಪ್ಯಾನ್ ಹಿಡಿದಳು. ರಾತ್ರಿ ಮುದುಕಿ ಕರೆದರೆ ಕೇಳಿಸಬೇಕೆಂದು ಆ ಕೋಣೆಯ ಬಾಗಿಲಿನ ಚಿಲಕ ಬಿಚ್ಚಿಸಿಬಿಟ್ಟಿದ್ದರಂತೆ.

ಅಂದಿನಿಂದ ಲಿಫ್ಟಣ್ಣ ಬುರುಡೆ ಬಿಡುವುದನ್ನು ನಿಲ್ಲಿಸಿದ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಎಷ್ಟನೇ ಮಹಡಿ ಅಂತ ನಾವೇ ಕೇಳಿದರೂ "ಯಾವುದೋ ಒಂದು" ಅನ್ನುತ್ತಿದ್ದ. ಅವನ ಸುಳ್ಳಿಲ್ಲದೆ ಬೀದಿಗೆ ಬೇಜಾರು ಹಿಡಿಯಿತು.

ದೊಡ್ಡಕ್ಕನಿಗೆ ಭಾನುವಾರ ಅರ್ಧ ದಿನ ರಜೆ. ಬಂದು ಮನೆ ಮೆಟ್ಟಿಲ ಮೇಲೆ ಕೂತು ಕೂಸನ್ನು ಆಡಿಸುತ್ತಿದ್ದಳು. ಒಂದು ಸಲ ಫೋಟೋ ತೆಗೆಯುವವನೊಬ್ಬ, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಬಾಗಿಲು ಪೂರ್ತಿ ಬರ್ತಿಲ್ಲ" ಅಂದ. ಅವಳು ಕೂಸನ್ನೆತ್ತಿಕೊಂಡು ಪಕ್ಕಕ್ಕೆ ಸರಿದಳು. ಅವನಿಗೆ ಇನ್ನೂ ಸ್ವಲ್ಪ ಬೇಕಾಗಿತ್ತು, ಇನ್ನೂ ಸರಿದಳು. ಸರಿದು ಸರಿದು ಬೀದಿ ದಾಟಿ ನಮ್ಮ ಮನೆ ಮುಂದೆ ಬಂದು ನಿಂತಳು. ಅವಳ ಮುಖ ನೋಡಲಾಗದೆ ನಾನು ಬಟ್ಟೆ ಕಡೆ ತಲೆ ಬಗ್ಗಿಸಿದೆ.

ಚಳಿಗಾಲದಲ್ಲಿ ಒಂದು ಶನಿವಾರ ಮಧ್ಯಾಹ್ನ, ಮುದುಕಿಗೆ ಊಟ ಮಾಡಿಸಿ ತಟ್ಟೆ ತೊಳೆಯುತ್ತಿದ್ದ ದೊಡ್ಡಕ್ಕ ಅಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತಿರಲಿಲ್ಲ. ಸುದ್ದಿ ಬಂದಾಗ ಲಿಫ್ಟಣ್ಣ ಬೈಕ್ ಒರೆಸುತ್ತಿದ್ದ. ಬಟ್ಟೆ ಕೈಯಲ್ಲೇ ಇತ್ತು, ಹಾಗೇ ಓಡಿದ.

ಮನೆಗೆ ತಂದೆವು. ಮಲಗಿಸಲು ಜಾಗ ಬೇಕಲ್ಲ. ಮುಂದಿನ ಕೋಣೆಯಿಂದ ಮಂಚ, ಟಿವಿ, ಬೀರು ಎಲ್ಲವನ್ನೂ ಗಂಡಸರು ನಮ್ಮ ಮನೆಗೆ ಸಾಗಿಸಿದರು. ನೆಲ ಒರೆಸಿದೆವು. ಖಾಲಿಯಾದ ಕೋಣೆಯ ನಡುವೆ ಅವಳನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಿದೆವು. ದೂರದ ಬಂಧುಗಳಿಗಾಗಿ ಬೆಳಗಿನವರೆಗೆ ಕಾದೆವು.

ಬೆಳಗಾದರೆ ಭಾನುವಾರ, ಯಾರಿಗೂ ನೆನಪಿರಲಿಲ್ಲ. ಗೈಡ್ ತನ್ನ ಜನರನ್ನು ಕರೆದುಕೊಂಡು ಬಂದೇಬಿಟ್ಟ. ಬಾಗಿಲು ತೆರೆದಿದ್ದನ್ನು ಕಂಡು, ಮಿಕ್ಕದ್ದನ್ನು ನೋಡದೆ, ಕಂಬಗಳ ಕತೆ ಶುರುಮಾಡಿದ. ನನಗೆಲ್ಲಿತ್ತೋ ಸಿಟ್ಟು. "ಕಣ್ಣು ಕಾಣಲ್ವೇನ್ರೀ? ಹೋಗ್ರೀ ಆಚೆ!" ಅಂತ ಕಿರುಚಿದೆ. ಅವರು ಬೆಚ್ಚಿ ಹಿಂದೆ ಸರಿದರು.

ಒಳಗಿನಿಂದ ಲಿಫ್ಟಣ್ಣ ಎದ್ದು ಬಂದ. ರಾತ್ರಿಯಿಡೀ ಅತ್ತು ಅವನ ಧ್ವನಿ ಕೂತುಹೋಗಿತ್ತು.

"ಬೈಬೇಡ ತಂಗಿ" ಅಂದ ನನಗೆ. ಆಮೇಲೆ ಅವರ ಕಡೆ ತಿರುಗಿದ. "ಬನ್ನಿ, ನೋಡಿ. ನಮ್ಮಕ್ಕ ಇವಳು. ಇವತ್ತು ಒಂದು ದಿನ ಇಡೀ ಕೋಣೆ ಅವಳೊಬ್ಬಳದೇ."