ಹಾಲಿನ ಮನೆಯ ಉಮಾಬಾಯಿ

ನಾರಾಯಣಖೇಡದಿಂದ ಮನೂರಿನ ಕಡೆ ಹೊರಡುವ ಶೇರ್ ಆಟೋದವರಿಗೆ "ಹಾಲಿನ ಮನಿ" ಅಂದರೆ ಸಾಕು, ಬಂಡೆಪ್ಪನವರ ಬಾಗಿಲಿಗೇ ತಂದು ಇಳಿಸುತ್ತಾರೆ. ಬಂಡೆಪ್ಪನವರ ತಂದೆಯ ಕಾಲಕ್ಕೆ ಹನ್ನೆರಡು ಎಮ್ಮೆ ಇದ್ದವಂತೆ, ಈಗ ನಾಲ್ಕು. ಎಮ್ಮೆ ಕಡಿಮೆಯಾದರೂ ಹೆಸರು ಕಡಿಮೆಯಾಗಿಲ್ಲ. ಸೋಮವಾರ ಊರ ಈಶ್ವರನ ಅಭಿಷೇಕಕ್ಕೆ ಹಾಲು ಈ ಮನೆಯಿಂದಲೇ ಹೋಗಬೇಕು. ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಮೊದಲ ಪಾವು ತುಪ್ಪ ಇಲ್ಲಿಂದಲೇ. ಅಂಥ ಮನೆಗೆ ಸೊಸೆಯಾಗಿ ಬಂದು ಮೂವತ್ತಾರು ವರ್ಷ ಬಾಳಿದ ಉಮಾಬಾಯಿಗೆ ಹಾಲು ಆಗಿಬರುತ್ತಿರಲಿಲ್ಲ. ಇದು ಅವಳನ್ನು ಬಿಟ್ಟರೆ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಉಮಾಬಾಯಿ ತಾಂಡೂರಿನವಳು. ತಂದೆ ಕಾಶಪ್ಪನವರದು ತೊಗರಿ ವ್ಯಾಪಾರ. ಹಾಸುಗಲ್ಲು ಕೊಯ್ಯುವ ಪುಡಿ ಹಾರುವ ಅವರ ಓಣಿಯಲ್ಲಿ ಎಮ್ಮೆ ಕಟ್ಟಲು ಜಾಗವೆಲ್ಲಿ? ಬೆಲ್ಲದ ಕರಿ ಚಹಾ ಕುಡಿದು, ರೊಟ್ಟಿ ಪುಂಡಿಪಲ್ಲೆ ತಿಂದು ಬೆಳೆದ ಹುಡುಗಿ. ತನ್ನ ಹೊಟ್ಟೆಯ ಸ್ವಭಾವ ಅವಳಿಗೇ ಗೊತ್ತಾಗಿದ್ದು ಮದುವೆಯ ಮರುದಿನ. ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ಕೊಟ್ಟಿಗೆಯಲ್ಲಿ ನಿಂತು ಆಗತಾನೇ ಹಿಂಡಿದ ಒಂದು ತಂಬಿಗೆ ಹಾಲನ್ನು ಉಸಿರು ಬಿಡದೆ ಕುಡಿಯಬೇಕು, ಅದು ಆ ಮನೆಯ ಪದ್ಧತಿ. ಹದಿನೆಂಟರ ಉಮಾಬಾಯಿ ಕುಡಿದಳು. ಸೇರಿದ್ದ ಹೆಂಗಸರು ಭಲೇ ಅಂದರು.

ಆಗಿನ್ನೂ ಊರಲ್ಲಿ ಯಾರ ಮನೆಯಲ್ಲೂ ಸಂಡಾಸವಿರಲಿಲ್ಲ. ಹೆಂಗಸರು ಬೈಲಕಡೆಗೆ ಹೋಗುವುದು ಬೆಳಕು ಹರಿಯುವ ಮೊದಲು, ಇಲ್ಲವೇ ಹೊತ್ತು ಮುಳುಗಿದ ಮೇಲೆ. ನಡುವಿನ ಹನ್ನೆರಡು ತಾಸು ಹೊಟ್ಟೆ ಹೇಳಿದ ಮಾತು ಕೇಳಬೇಕು. ಹಸಿರು ಬಳೆ ತೊಟ್ಟ ಮದುಮಗಳು ಅವತ್ತು ಮಧ್ಯಾಹ್ನ ಜೋಳದ ಕಣಜದ ಹಿಂದೆ, ಹಲ್ಲು ಕಚ್ಚಿ, ಎರಡೂ ಕೈಯಿಂದ ಹೊಟ್ಟೆ ಒತ್ತಿಕೊಂಡು ಕೂತಿದ್ದಳು. ಕೊನೆಗೆ ತಡೆಯಲಾಗದೆ ಆದದ್ದು ಆಯಿತು. ಅತ್ತೆ ಕಾಂತಾಬಾಯಿ ಸೀರೆ ತೊಳೆಯಲು ನೀರು ಕೊಟ್ಟು, ಹತ್ತು ಜನ ಕೇಳುವಂತೆ ಹೇಳಿದಳು: "ತಾಂಡೂರ ಹೊಟ್ಟಿ, ಎಮ್ಮಿ ಹಾಲು ಕಂಡಿಲ್ಲ ಪಾಪ. ನಾಕ್ ದಿನ ಕುಡಿದ್ರ ತಾನೇ ಸರಿ ಆಗ್ತದ."

ನಾಲ್ಕು ದಿನ ಹೋಗಿ ನಾಲ್ಕು ತಿಂಗಳಾದರೂ ಸರಿಯಾಗಲಿಲ್ಲ. ಹೇಳಿದರೆ ನಖರಾ, ಹೇಳದಿದ್ದರೆ ನರಕ. ಉಮಾಬಾಯಿ ಮೂರನೆಯ ದಾರಿ ಹುಡುಕಿದಳು. ಲೋಟ ಹಿಡಿದು ಗೋಡೆಯ ಕಡೆ ಮುಖ ಮಾಡುವುದು, ಸೆರಗಿನ ಮರೆಯಲ್ಲಿ ಹಾಲನ್ನು ಕರುವಿನ ಬೋಗುಣಿಗೆ ಬಗ್ಗಿಸುವುದು, ಬೆರಳನ್ನು ಅದ್ದಿ ಮೇಲ್ತುಟಿಯ ಮೇಲೆ ಬಿಳಿ ಗೆರೆ ಎಳೆದುಕೊಂಡು ತಿರುಗುವುದು. ಶ್ರಾವಣ ಸೋಮವಾರ ಉಳಿದವರೆಲ್ಲ ಹಾಲು ಹಣ್ಣಿನ ಮೇಲಿದ್ದರೆ, ಅವಳು ಬರೀ ಹಣ್ಣಿನ ಮೇಲಿರುತ್ತಿದ್ದಳು. "ನಮ್ಮ ಸೊಸಿ ಈಗ ನೋಡ್ರಿ, ಹಾಲು ಅಂದ್ರ ಪ್ರಾಣ," ಎಂದು ಕಾಂತಾಬಾಯಿ ಬಂದವರಿಗೆಲ್ಲ ಹೇಳತೊಡಗಿದಳು.

ಪ್ರವೀಣಕುಮಾರ ಹುಟ್ಟಿದಾಗ ಈ ಆಟ ನಡೆಯಲಿಲ್ಲ. ಬಾಣಂತಿಯ ಕೋಣೆಯಲ್ಲಿ ಅತ್ತೆ ಎದುರೇ ಕೂತು ದಿನಕ್ಕೆ ಮೂರು ಲೋಟ ಕುಡಿಸುವಳು. ಉಮಾಬಾಯಿ ಒಣಗಿದ ಕಡ್ಡಿಯಾದಳು, ಕೂಸಿಗೆ ಮೊಲೆಹಾಲು ಬತ್ತಿತು. ಕೊಟ್ಟಿಗೆಯ ಸೆಗಣಿ ಬಳಿಯಲು ಬರುತ್ತಿದ್ದ ಭೂದೇವಿ ಇದನ್ನೆಲ್ಲ ಕಿಟಕಿಯ ಆಚೆಯಿಂದ ನೋಡುತ್ತಿದ್ದಳು. ಒಂದು ದಿನ ಕಾಂತಾಬಾಯಿ ಹೊಲಕ್ಕೆ ಹೋದ ಹೊತ್ತಲ್ಲಿ ಕಿಟಕಿಗೆ ಬಂದು ನಿಂತಳು.

"ಅವ್ವಾರ, ಹಾಲು ಕುಡದಾಗೊಮ್ಮಿ ನಿಮ್ಮ ಮಾರಿ ಸುಣ್ಣ ಆಗ್ತದ."

"ಏ, ಸುಮ್ಮನಿರ."

"ನಾ ಯಾರಿಗ್ ಹೇಳ್ಲಿ? ಹೇಳಿದ್ರ ಯಾರು ಕೇಳ್ತಾರ?" ಸೆರಗಿನಿಂದ ಒಂದು ಚೆಂಬು ತೆಗೆದಳು. "ಕುಸುಬಿ ಹಾಲು. ನಮ್ಮ ಮನ್ಯಾಗ ಎಮ್ಮಿ ಎಲ್ಲಿಂದ ಬರ್ಬೇಕ್ರಿ? ನಮ್ಮ ಕೂಸುಗಳು ಇದೇ ಕುಡದ ನಿಂತಾವ. ತಗೋರಿ, ಬೆಲ್ಲ ಹಾಕೀನಿ."

ಆ ಮನೆಯಲ್ಲಿ ಭೂದೇವಿಯ ಕೈಯಿಂದ ಒಣ ಕಾಳು ತಗೊಳ್ಳುತ್ತಿದ್ದರು. ಅವಳು ಕೇರಿದ ಜೋಳ, ಅವಳು ಬಡಿದ ಕುಸುಬೆ ಎಲ್ಲ ಒಳಗೆ ಬರುತ್ತಿತ್ತು. ನೀರು ಸೋಕಿದ್ದು ಮಾತ್ರ ಬರುತ್ತಿರಲಿಲ್ಲ. ಉಮಾಬಾಯಿ ಬಾಗಿಲ ಕಡೆ ನೋಡಿದಳು, ಮಗ್ಗುಲಲ್ಲಿ ಅಳುತ್ತಿದ್ದ ಕೂಸಿನ ಕಡೆ ನೋಡಿದಳು, ಚೆಂಬು ಎತ್ತಿ ಕುಡಿದಳು. ಹೊಟ್ಟೆ ಸುಮ್ಮನಿತ್ತು. ಸುಗ್ಗಿ ಶುರುವಾಗಿ ಅತ್ತೆ ಎದುರು ಕೂರುವುದು ತಪ್ಪಿತ್ತು, ಅವಳು ಇಟ್ಟು ಹೋದ ಹಾಲು ಭೂದೇವಿಯ ಕೈಯಿಂದ ಕರುವಿನ ಬೋಗುಣಿಗೆ ಹೋಗುತ್ತಿತ್ತು. ಹದಿನೈದು ದಿನ ಹಾಗೆ ಕುಡಿದ ಮೇಲೆ ಮೊಲೆಯಲ್ಲಿ ಹಾಲು ತುಂಬಿತು. ಕಾಂತಾಬಾಯಿ ಅದನ್ನು ತನ್ನ ಎಮ್ಮೆಯ ಮಹಿಮೆ ಎಂದಳು.

ಮುಂದೆ ಉಮಾಬಾಯಿ ತಾನೇ ಕಲಿತಳು. ಕುಸುಬೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಉಕ್ಕಿಸಿದರೆ ಒಡೆಯುತ್ತದೆ. ಯಾರಾದರೂ ಕೇಳಿದರೆ ಹುಗ್ಗಿಗೆ ಅನ್ನುತ್ತಿದ್ದಳು.

ಕಾಂತಾಬಾಯಿ ಸತ್ತಳು. ಮನೆಯಲ್ಲಿ ಸಂಡಾಸ ಬಂತು. ಪ್ರವೀಣ ಗೊಬ್ಬರದ ಅಂಗಡಿ ಇಟ್ಟ. ಹೈದರಾಬಾದಿನಲ್ಲಿ ಓದಿದ ರಾಜೇಶ್ವರಿ ಸೊಸೆಯಾಗಿ ಬಂದಳು, ಶಾಂಭವಿ ಹುಟ್ಟಿದಳು. ಆಗಲಾದರೂ ಉಮಾಬಾಯಿ ಬಾಯಿ ಬಿಡಬಹುದಿತ್ತು. ಆದರೆ ಅಷ್ಟು ವರ್ಷದ ಸುಳ್ಳು ಅಷ್ಟರಲ್ಲಿ ಅವಳ ಮರ್ಯಾದೆಯೇ ಆಗಿಬಿಟ್ಟಿತ್ತು.

ಮಗುವಿಗೆ ವರ್ಷ ತುಂಬಿ ಎಮ್ಮೆ ಹಾಲು ಶುರುವಾದಂದಿನಿಂದ ತೊಂದರೆ. ಹೊಟ್ಟೆ ಉಬ್ಬುವುದು, ಕಾಲು ಮಡಚಿ ಅಳುವುದು, ದಿನಕ್ಕೆ ಐದು ಆರು ಸಲ ನೀರಿನಂತೆ ಹೋಗುವುದು. ರಾಜೇಶ್ವರಿ ಗಾಬರಿಯ ಹೆಣ್ಣು. ಒಂದು ನೋಟ್‌ಬುಕ್ ಇಟ್ಟು ಎಷ್ಟು ಗಂಟೆಗೆ ಏನು ತಿಂದಳು, ಎಷ್ಟು ಸಲ ಹೋದಳು, ಯಾವ ಬಣ್ಣ ಎಂದು ಬರೆಯತೊಡಗಿದಳು. ನೀರು ಕುದಿಸಿದಳು, ಬಾಟಲಿ ಕುದಿಸಿದಳು, ಚಮಚ ಕುದಿಸಿದಳು. "ಇನ್ನ ನಮ್ಮನ್ನೂ ಕುದಿಸ್ತಾಳ ನೋಡು," ಅಂದರು ಬಂಡೆಪ್ಪ. ಎರಡು ವರ್ಷ ಹೀಗೇ ಹೋಯಿತು. ಉಮಾಬಾಯಿ ಮೊದಲ ವಾರದಲ್ಲೇ ಆ ಅಳುವನ್ನು ಗುರುತು ಹಿಡಿದಿದ್ದಳು. ಮಗು ಕಾಲು ಮಡಚುತ್ತಿದ್ದ ರೀತಿ ಅವಳದೇ.

ಕೊನೆಗೆ ಜಹೀರಾಬಾದಿನ ಡಾಕ್ಟರ್ ಹೇಳಿದರು: "ಹದಿನೈದು ದಿನ ಹಾಲು ಪೂರಾ ಬಂದ್ ಮಾಡ್ರಿ. ಹಾಲು, ಖೋವಾ, ಐಸ್‌ಕ್ರೀಮ್ ಏನೂ ಬ್ಯಾಡ. ಆಮ್ಯಾಲ ನೋಡೋಣ."

ಬಂಡೆಪ್ಪ ಅವತ್ತು ಊಟ ಮಾಡಲಿಲ್ಲ. "ಹಾಲಿನ ಮನಿ ಕೂಸಿಗಿ ಹಾಲು ಆಗಂಗಿಲ್ಲ? ನಮ್ಮ ರಕ್ತದಾಗ ಇಂಥಾದ್ದು ಇಲ್ಲ. ಬ್ಯಾರೆ ಕಡಿಂದ ಬಂದಿರ್ಬೇಕು," ಎಂದು ಸೊಸೆಯ ಕಡೆ ನೋಡದೆ ಸೊಸೆಗೆ ಹೇಳಿದರು. ರಾಜೇಶ್ವರಿ ತಮ್ಮನಿಂದ ಸೋಯಾ ಹಾಲು, ಬಾದಾಮಿ ಹಾಲಿನ ಡಬ್ಬಿಗಳನ್ನು ತರಿಸಿದಳು. ಒಂದನ್ನು ಮಗು ಉಗುಳಿತು, ಇನ್ನೊಂದನ್ನು ಮೂಗು ಹಿಡಿದು ಕುಡಿಯಿತು. ಬಂಡೆಪ್ಪ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಹೇಳಿದರು: "ಎಲ್ಲಾರ ಸೊಸ್ತೇರು ಎಮ್ಮಿ ಹಿಂಡ್ತಾರ, ನನ್ನ ಸೊಸಿ ರಟ್ಟಿನ ಡಬ್ಬಿ ಹಿಂಡ್ತಾಳ!"

ಆದರೆ ಐದನೇ ದಿನಕ್ಕೆ ಮಗುವಿನ ಹೊಟ್ಟೆ ಗಟ್ಟಿಯಾಯಿತು. ಎಂಟನೇ ದಿನ ಕೇಳಿ ರೊಟ್ಟಿ ತಿಂದಿತು. ನೋಟ್‌ಬುಕ್ಕಿನಲ್ಲಿ ರಾಜೇಶ್ವರಿ ಆ ದಿನದ ಮುಂದೆ ಒಂದು ಹೂವು ಬರೆದಳು.

ಒಂಬತ್ತನೇ ದಿನ ಬೆಳಿಗ್ಗೆ ಎಮ್ಮೆಗೆ ಮುಸುರೆ ಇಡಲು ಹೋದ ಉಮಾಬಾಯಿ ಕೊಟ್ಟಿಗೆಯಲ್ಲಿ ಕಂಡದ್ದು: ಬಂಡೆಪ್ಪ ಕುಕ್ಕರುಗಾಲಲ್ಲಿ ಕೂತು ಮೊಮ್ಮಗಳ ಬಾಯಿಗೆ ನೊರೆ ಹಾಲಿನ ಲೋಟ ಹಿಡಿದಿದ್ದಾರೆ. ಹೆಂಡತಿಯನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು ನಕ್ಕರು. ಪ್ರೀತಿಯ ನಗೆಯೇ. ಉಮಾಬಾಯಿ ಮುಸುರೆ ಇಟ್ಟು ಒಳಗೆ ಬಂದಳು.

ಅವತ್ತು ಮಗುವಿಗೆ ಏಳು ಸಲ ಹೋಯಿತು. ರಾಜೇಶ್ವರಿ ನೋಟ್‌ಬುಕ್ ತಿರುವಿ ತಿರುವಿ ನೋಡಿ, ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. "ಹಾಲು ಕೊಟ್ಟೇ ಇಲ್ಲ ಅತ್ತೀ. ಅಂದ್ರ ಹಾಲಿಂದಲ್ಲ. ನಾ ಕೊಟ್ಟ ಡಬ್ಬಿದೇ ತಪ್ಪಿರಬೇಕೇನ್ರಿ?"

"ಇರ್ಬಹುದವ್ವ," ಅಂದಳು ಉಮಾಬಾಯಿ.

ಡಬ್ಬಿಗಳು ತಿಪ್ಪೆಗೆ ಹೋದವು, ಹಾಲು ಮತ್ತೆ ಬಂತು. ಮೂರು ವಾರದಲ್ಲಿ ಮಗು ನಾರಾಯಣಖೇಡದ ದವಾಖಾನೆಯಲ್ಲಿತ್ತು. ಮೂರು ವರ್ಷದ ಮಗು, ಹತ್ತು ಕೆಜಿಗೂ ಕಡಿಮೆ. ಸಲೈನ್ ಹಾಕಲು ನರ್ಸಮ್ಮ ಎಡಗೈ ನೋಡಿದಳು, ಬಲಗೈ ನೋಡಿದಳು, ನರ ಸಿಗದೆ ಪಾದ ನೋಡಿದಳು. ನಾಲ್ಕನೇ ಸಲ ಸೂಜಿ ಚುಚ್ಚಿದಾಗ ಶಾಂಭವಿಗೆ ಅಳಲೂ ಶಕ್ತಿ ಇರಲಿಲ್ಲ. ಉಮಾಬಾಯಿ ಆ ಪಾದ ಹಿಡಿದುಕೊಂಡಿದ್ದಳು. ಇನ್ನೊಂದು ಸಲ ಹೀಗಾದರೆ ಈ ಕೂಸು ಉಳಿಯುವುದಿಲ್ಲ ಎಂದು ಅವಳ ಕೈಗೆ ಗೊತ್ತಾಯಿತು.

ಮನೆಗೆ ಬಂದ ಮರುದಿನ ಬಂಡೆಪ್ಪ ಅರಿಶಿನ ಹಾಕಿದ ಹಾಲು ತಂದರು. "ಕುಡಸ್ರಿ, ತಾಕತ್ತು ಬರ್ಲಿ."

ಉಮಾಬಾಯಿ ಅದನ್ನು ಅವರ ಕೈಯಿಂದ ತಗೊಂಡಳು. "ಇದಕ್ಕ ಹಾಲು ಆಗಂಗಿಲ್ರಿ. ನನಗೂ ಆಗಂಗಿಲ್ಲ. ಎಂದೂ ಆಗಿಲ್ಲ. ಇದು ನನ್ನ ಹೊಟ್ಟಿ."

ಬಂಡೆಪ್ಪ ಗಟ್ಟಿಯಾಗಿ ನಕ್ಕರು. "ಮೂವತ್ತಾರು ವರ್ಷ ಗಟಗಟ ಕುಡದು, ಈಗ ಸೊಸೀನ್ ಉಳಸಾಕ ಝೂಟ್ ಹೇಳ್ತಾಳ!"

"ಅವ್ವ, ಇದು ಚಾಷ್ಟಿ ಮಾಡೋ ಹೊತ್ತೇನ?" ಅಂದ ಪ್ರವೀಣ.

ಅವಳು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಳು. ತುಟಿಯ ಮೇಲಿನ ಬಿಳಿ ಗೆರೆಯನ್ನು ನಂಬಿದವರು ಈಗ ಅವಳನ್ನು ಹೇಗೆ ನಂಬುತ್ತಾರೆ?

ಉಮಾಬಾಯಿ ಕೈಯಲ್ಲಿದ್ದ ಲೋಟ ಖಾಲಿ ಮಾಡಿದಳು. ಒಳಗೆ ಹೋಗಿ ಇನ್ನೊಂದು ಲೋಟ ತುಂಬಿ ತಂದು ಅದನ್ನೂ ಎಲ್ಲರ ಎದುರು ಕುಡಿದಳು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಪಡಸಾಲೆಯ ನಡುವೆ ಕುರ್ಚಿ ಎಳೆದುಕೊಂಡು ಕೂತಳು. "ನಾ ಎದ್ದು ಹೋಗಂಗಿಲ್ಲ. ನೀವೂ ಯಾರೂ ಎದ್ದು ಹೋಗಬ್ಯಾಡ್ರಿ."

ಬಂಡೆಪ್ಪ ಪೇಪರ್ ಬಿಡಿಸಿದರು. ಮುಕ್ಕಾಲು ತಾಸಿಗೆ ಅವಳ ಹೊಟ್ಟೆಯ ಸದ್ದು ಪೇಪರಿನ ಆಚೆಗೂ ಕೇಳಿತು. ಹಣೆಯ ಮೇಲೆ ಬೆವರು, ತುಟಿ ಬಿಳಿ. ಮೂವತ್ತು ವರ್ಷದಿಂದ ಹಾಲು ಕಾಣದ ಹೊಟ್ಟೆ. "ಅವ್ವ, ಸಾಕು, ಏಳು," ಎಂದು ಪ್ರವೀಣ ತೋಳು ಹಿಡಿದ. ಅವಳು ಕೊಡವಿಕೊಂಡಳು. ಕೊನೆಗೆ ಎದ್ದಾಗ ತಡವಾಗಿತ್ತು. ಪಡಸಾಲೆಯಿಂದ ಸಂಡಾಸದವರೆಗೆ ಹದಿನೈದು ಹೆಜ್ಜೆ. ಅಷ್ಟೂ ಹೆಜ್ಜೆ ಗಂಡ, ಮಗ, ಸೊಸೆ ನೋಡಿದರು. ರಾಜೇಶ್ವರಿ ಬಕೆಟ್ ತಂದು ನೆಲ ಒರೆಸಿದಳು.

ಸ್ನಾನ ಮಾಡಿ ಬಂದ ಹೆಂಡತಿಯನ್ನು ಬಂಡೆಪ್ಪ ನೀರು ಬೇಕೇ ಎಂದು ಕೇಳಲಿಲ್ಲ. ಕೇಳಿದ್ದು ಇದನ್ನು: "ಅಂದ್ರ ಇಷ್ಟು ವರ್ಷ ನನ್ನ ಮನಿ ಹಾಲು ಎಲ್ಲಿ ಚೆಲ್ಲಿದಿ?"

"ಮತ್ತ ಇವಳಿಗೆ ಏನು ಕುಡಿಸ್ಲಿ ಅತ್ತೀ?" ಅಂದಳು ರಾಜೇಶ್ವರಿ.

"ಕುಸುಬಿ ಹಾಲು. ನಾ ಅದೇ ಕುಡೀತಿದ್ದೆ."

"ಅದ್ಯಾರು ಕಲಿಸಿದ್ರು?" ಬಂಡೆಪ್ಪನವರ ಹುಬ್ಬು ಮೇಲೇರಿತು.

ಅಂಗಳದಲ್ಲಿ ಭೂದೇವಿ ಸೆಗಣಿ ಬುಟ್ಟಿ ಹಿಡಿದು ನಿಂತಿದ್ದಳು. ಉಮಾಬಾಯಿ ಅವಳನ್ನು ನೋಡಿದಳು.

"ತಾಂಡೂರದಾಗ, ನಮ್ಮವ್ವ."

ಭೂದೇವಿ ಬುಟ್ಟಿ ಹೊತ್ತು ಹೋದಳು. ಮರುದಿನ ಕೊಟ್ಟಿಗೆಯಲ್ಲಿ ಇಬ್ಬರೇ ಇದ್ದಾಗ ತಲೆಯೆತ್ತದೆ ಅಂದಳು: "ನಿಮ್ಮ ತಾಂಡೂರ ಕಡಿ ಕುಸುಬಿ ಹಾಲು ಭಾಳ ಚಲೋ ಮಾಡ್ತಾರಂತಲ್ರಿ ಅವ್ವಾರ." ಉತ್ತರಕ್ಕೆ ಕಾಯದೆ ಬುಟ್ಟಿ ಎತ್ತಿಕೊಂಡು ಹೊರಟಳು.

ಮಗು ಚೇತರಿಸಿಕೊಂಡಿತು. ಬರೀ ಕುಸುಬೆ ಹಾಲು ಸಾಲದು, ರಾಗಿ, ಎಳ್ಳು, ಬೇಳೆ ದಿನವೂ ಇರಲಿ ಅಂದರು ಡಾಕ್ಟರ್. ರಾಜೇಶ್ವರಿ ಎಲ್ಲವನ್ನೂ ಬರೆದುಕೊಂಡಳು. ಎರಡು ತಿಂಗಳಿಗೆ ಒಂದೂವರೆ ಕೆಜಿ ಏರಿತು.

ಒಂದು ಮಧ್ಯಾಹ್ನ ಲೋಟ ಹಿಡಿದು ಕೂತ ಶಾಂಭವಿ ತಾನಾಗಿ ಹೇಳಿದಳು: "ತಾತ ಕೊಟ್ಟಿಗ್ಯಾಗ ಕೊಟ್ಟ ಹಾಲು ಛೀ. ಹೊಟ್ಟಿ ನೋವು. ಅಜ್ಜಿ ನೋಡಿದ್ಲು."

ರಾಜೇಶ್ವರಿ ಎದ್ದು ಹೋಗಿ ನೋಟ್‌ಬುಕ್ ತಂದಳು. ಹಾಳೆ ತಿರುವಿದಳು. ಬೆರಳು ಒಂದು ಕಡೆ ನಿಂತಿತು.

"ಒಂಬತ್ತನೇ ದಿನ. ನೀವು ನೋಡಿದ್ರಾ ಅತ್ತೀ?"

"ಹೂಂ."

"ನೋಡಿನೂ ನನ್ನ ಡಬ್ಬಿದೇ ತಪ್ಪಿರ್ಬಹುದು ಅಂದ್ರಿ."

ಉಮಾಬಾಯಿಗೆ ಹೇಳಲು ಬೇಕಾದಷ್ಟಿತ್ತು. ಕಾಂತಾಬಾಯಿ, ಕಣಜದ ಹಿಂದಿನ ಮಧ್ಯಾಹ್ನ, ಕತ್ತಲಿಗೆ ಕಾದ ದಿನಗಳು. ನಾಲ್ಕು ಸಲ ಸೂಜಿ ಚುಚ್ಚಿಸಿಕೊಂಡ ಮಗುವಿನ ಎದುರು ಒಂದೂ ನಿಲ್ಲುವಂತಿರಲಿಲ್ಲ.

"ಅಂಜಿಕಿ, ಅವ್ವ."

"ಯಾರ ಅಂಜಿಕಿ ಅತ್ತೀ? ನಿಮಗ ಐವತ್ತನಾಲ್ಕು. ಇವಳಿಗೆ ಮೂರು."

ರಾಜೇಶ್ವರಿ ಕೂಗಾಡಲಿಲ್ಲ, ಗಂಡನಿಗೂ ಹೇಳಲಿಲ್ಲ. ಕುಸುಬೆ ನೆನೆಹಾಕುವುದರಿಂದ ಹಿಡಿದು ಲೋಟ ತೊಳೆಯುವವರೆಗೆ ಎಲ್ಲ ತಾನೇ ಮಾಡತೊಡಗಿದಳು. ಮಗುವಿನ ಡಬ್ಬಿ, ಚಮಚ, ಬಟ್ಟಲು ತನ್ನ ಕೋಣೆಯ ಕಪಾಟಿಗೆ ಹೋದವು. ಈ ಮನೆಯಲ್ಲಿ ಶಾಂಭವಿಗೆ ಯಾರು ಏನು ಕೊಡಬೇಕಾದರೂ ಈಗ ಅವಳ ತಾಯಿಯನ್ನು ಕೇಳಬೇಕು.

ಉಮಾಬಾಯಿಯೂ ಕೇಳುತ್ತಾಳೆ. "ಒಂದು ಬಾಳಿಹಣ್ಣು ಕೊಡ್ಲೇನವ್ವ ಕೂಸಿಗಿ?"

"ಇರ್ಲಿ ಅತ್ತೀ. ನಾನೇ ಕೊಡ್ತೀನಿ."