ಕೊಳವೆಯ ಬಾಯಿಗಿಟ್ಟ ಕಣ್ಣು

ಮದುರೆ ಕಡೆಯ ಕಂಬಂ ಊರಿನಲ್ಲಿ ಅಯ್ಯಾವು ಅಣ್ಣನ ರೇಡಿಯೋ ರಿಪೇರಿ ಅಂಗಡಿಗೆ ನಾನು ಸೇರಿದ್ದು ೧೯೬೫ರಲ್ಲಿ. ದೂಳು ಒರೆಸುವುದು, ಟೀ ತರುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಕೊನೆಯದರಲ್ಲಿ ಬೇಗ ಪಳಗಿದೆ.

ಅಣ್ಣ ಮಿಲಿಟರಿಯಲ್ಲಿ ಒಂಬತ್ತು ವರ್ಷ ರಾಡಾರ್ ಮೆಕ್ಯಾನಿಕ್ ಆಗಿದ್ದು ಬಂದವರು. ವಯಸ್ಸಿನ್ನೂ ಮೂವತ್ತೇಳು. ಆ ವರ್ಷ ಅವರು ರೆಸಿಸ್ಟರ್ ಮೇಲಿನ, ಅದು ಎಷ್ಟು ಕರೆಂಟ್ ತಡೆಯುತ್ತದೆಂದು ಹೇಳುವ ಬಣ್ಣದ ಗೆರೆಗಳನ್ನು ನನ್ನಿಂದ ಓದಿಸತೊಡಗಿದರು. ನನಗೆ ಬಡ್ತಿಯಾಯಿತೆಂದು ಬೀದಿಯೆಲ್ಲ ಹೇಳಿಕೊಂಡು ಬಂದೆ.

"ಮೂರನೇ ಗೆರೆ ಆರಂಜ್ ತಾನೇಲಾ, ತಂಬಿ?"

"ಆರಂಜೇ, ಅಣ್ಣೇ."

ಅದು ಕೆಂಪಾಗಿತ್ತು. ಅಕ್ಕಿ ಗಿರಣಿಯವರ ರೇಡಿಯೋ ಹಾಡುವ ಬದಲು ಹೊಗೆಯಾಡಿತು. ಅಣ್ಣ ಬೈಯಲಿಲ್ಲ, ನನಗೆ ಹೆದರಿಕೆಯಾದದ್ದು ಆಗಲೇ. ಸುಟ್ಟ ಬಿಡಿಭಾಗವನ್ನು ಕಿಟಕಿಗೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರು. "ಎರಡ್ರಲ್ಲೂ ಮಂಜು ಕಾಣ್ತದೆಲಾ. ಈ ಕಣ್ಣು ಹೋದ್ರೆ ಕಸುಬೂ ಹೋದಂಗೆ."

ವೀರಪಾಂಡಿ ಗುಡಿಯ ಅಮ್ಮನಿಗೆ ಹರಸಿಕೊಂಡ ಬೆಳ್ಳಿಯ ಕಣ್ಣು ಒಪ್ಪಿಸದ್ದಕ್ಕೇ ಹೀಗಾಯಿತೆಂದು ಅವರ ಹೆಂಡತಿ ವೆಳ್ಳೈಯಮ್ಮಾಳ್ ಅತ್ತರು. ಒಪ್ಪಿಸಿಯೇ ಮದುರೆಗೆ ಹೋದೆವು.

"ಈ ವಯಸ್ಸಿಗೆ ಪೊರೆ! ಕುಲುಮೆ ಮುಂದೆ ಕೆಲಸ ಮಾಡಿದ್ದಿರಾ?" ಎಂದು ಕಣ್ಣಿನ ಡಾಕ್ಟರು ಕೇಳಿದರು.

ಅಣ್ಣ ಆಗ ಬಾಯಿಬಿಟ್ಟರು. ರಾಡಾರಿನ ಅಲೆ ಒಂದು ಲೋಹದ ಕೊಳವೆಯೊಳಗೆ ಹರಿಯುತ್ತದಂತೆ. ಅದನ್ನು ಬಿಚ್ಚಿದಾಗಲೆಲ್ಲ, ಅಲೆ ಬರುತ್ತಿದೆಯೋ ಇಲ್ಲವೋ ಎಂದು ಇವರು ಬಗ್ಗಿ ಅದರ ಬಾಯಿಗೆ ಕಣ್ಣಿಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ತೋಟದಲ್ಲಿ ಮೋಟಾರು ಹಾಕಿದೊಡನೆ ನೀರು ಬಂತೇ ಎಂದು ಪೈಪಿನ ಬಾಯಿಗೆ ಬಗ್ಗುವುದು ನಮ್ಮವರಿಗೆಲ್ಲ ಅಭ್ಯಾಸ. ನಾನೂ ಬಗ್ಗುತ್ತೇನೆ, ಮುಖ ತೊಳೆದಂತೆಯೂ ಆಗುತ್ತದೆ.

"ಕಾಣೋದು ಏನೂ ಇಲ್ಲ ಸಾರ್. ಮುಖಕ್ಕೆ ಬೆಚ್ಚಗೆ, ಹಿತವಾಗಿರೋದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಅಲೆಯನ್ನು ಕಣ್ಣಿನ ತೇವ ಹೀರಿಕೊಳ್ಳುತ್ತದೆ, ಒಳಗೇ ಬಿಸಿಯಾಗುತ್ತದೆ ಎಂದರು. ಮೈಯ ಬೇರೆ ಕಡೆಯಾದರೆ ಹರಿಯುವ ರಕ್ತ ಬಿಸಿಯನ್ನು ಒಯ್ಯುತ್ತದೆ. ಕಣ್ಣಿನ ಮಸೂರಕ್ಕೆ ರಕ್ತನಾಳವೇ ಇಲ್ಲ. "ಮೊಟ್ಟೆಯ ಬಿಳಿ ಬೆಂದ ಮೇಲೆ ಮತ್ತೆ ತಿಳಿಯಾಗುತ್ತದೆಯೇ?"

ಬಸ್ಸಿನಲ್ಲಿ ಅಣ್ಣ ಒಂದೇ ಮಾತು ಆಡಿದರು: "ಹಿತವಾಗಿತ್ತುಲಾ."

ಆಪರೇಷನ್ ಮಾಡಿ ಮಸೂರ ತೆಗೆದರು. ದಪ್ಪ ಕನ್ನಡಕದಲ್ಲಿ ಊರೆಲ್ಲ ಕಂಡಿತು, ಆದರೆ ಉಬ್ಬಿಕೊಂಡು. ತಂತಿ ಎಲ್ಲೋ, ಕೈ ಎಲ್ಲೋ. ಮೂರನೆಯ ಸಲ ಬೆರಳು ಸುಟ್ಟುಕೊಂಡ ದಿನ ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ನನ್ನ ಕಡೆ ತಳ್ಳಿದರು.

"ಅಣ್ಣೇ, ನನಗೆ ಬರಲ್ಲ."

"ಗೊತ್ತುಲಾ. ಮೂರನೇ ಗೆರೆ ಯಾವ ಬಣ್ಣ?"

ಅವರು ಕೊಟ್ಟ ರೆಸಿಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. "ಕೆಂಪು" ಎಂದೆ.

ದಪ್ಪ ಕನ್ನಡಕ ತೋರಿಸಿದ ಕಡೆಗೆ, ನನ್ನಿಂದ ತುಸು ಆಚೆಗೆ ಮುಖ ಮಾಡಿ ಅವರು ಸರಿಯೆಂದು ತಲೆಯಾಡಿಸಿದರು.