ಹಾಸಿಗೆ ಡಾಕ್ಟರ ಮನೆಯ ಮಂಚ

ಹಾಸಿಗೆ ಡಾಕ್ಟರ ವಿಷಯ ಬರೆಯಲೇಬೇಕು. ಊರಿನ ಅರ್ಧ ಮನೆಗಳಿಗೆ ಮಲಗುವ ಕೋಣೆ ಹೇಗಿರಬೇಕೆಂದು ಹೇಳಿಕೊಟ್ಟವರು ಅವರು. ಸ್ವಂತ ಹೆಂಡತಿಯನ್ನು ನಡುಮನೆಯ ಚಾಪೆಗೆ ಓಡಿಸಿದವರೂ ಅವರೇ. ಇಂಥವರ ಕಥೆಯನ್ನು ದೊಡ್ಡವರು ಯಾರೂ ಬರೆಯುವುದಿಲ್ಲ. ನಾನು ಅವರು ಕೆಲಸ ಮಾಡುವ ಹಾಸಿಗೆ ಅಂಗಡಿಯ ಸಾಮಾನು ಸಾಗಿಸುವ ಗಾಡಿಯವನು. ಅವರ ಮನೆಗೆ ಹಾಸಿಗೆ ಹತ್ತಿಸಿದ್ದೂ ನಾನೇ, ಇಳಿಸಿದ್ದೂ ನಾನೇ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಅವರು ನಿಜವಾದ ಡಾಕ್ಟರಲ್ಲ, ಸೇಲ್ಸ್‌ಮನ್. ಗಿರಾಕಿಯನ್ನು ಮಂಚದ ಮೇಲೆ ಮಲಗಿಸುತ್ತಾರೆ. ಸೊಂಟದ ಕೆಳಗೆ ಅಂಗೈ ತೂರಿಸಿ, ನಾಡಿ ಹಿಡಿದವರ ಹಾಗೆ ಕಣ್ಣು ಮುಚ್ಚುತ್ತಾರೆ. ಆಮೇಲೆ ನಿಟ್ಟುಸಿರು ಬಿಟ್ಟು, "ಬೆನ್ನುಮೂಳೆ ಅಳ್ತಾ ಇದೆ ಸಾರ್" ಎನ್ನುತ್ತಾರೆ. ಗಟ್ಟಿಮುಟ್ಟಾಗಿ ಬಂದ ಗಂಡಸು ಸೊಂಟ ಹಿಡಿದುಕೊಂಡು ಏಳುತ್ತಾನೆ. ಹಾಸಿಗೆ ಮಾರಾಟವಾಗುತ್ತದೆ.

ಅವರದೊಂದು ಪದ್ಧತಿ ಇತ್ತು. ಗಂಡ ಮೊದಲು ಮಲಗಿ ನೋಡಬೇಕು. ಅವನು ಎದ್ದ ಮೇಲೆ ಹೆಂಡತಿ. ನಾಲ್ಕು ಜನರ ಎದುರು ಇಬ್ಬರೂ ಒಟ್ಟಿಗೆ ಒರಗುವುದು ಅವರ ದೃಷ್ಟಿಯಲ್ಲಿ ಮರ್ಯಾದೆಗೇಡು. ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ಒಟ್ಟಿಗೆ ಮಲಗಿತು. ಆ ಜೋಡಿ ಏಳುವ ತನಕ ಡಾಕ್ಟರು ಕೆಮ್ಮುತ್ತಲೇ ಇದ್ದರು. ಆ ಹುಡುಗಿ ಪಾಪ, ಕುಡಿಯಲು ನೀರು ತಂದುಕೊಟ್ಟಳು.

ಇದೇ ಪದ್ಧತಿಯಲ್ಲಿ ತಮ್ಮ ಮನೆಗೂ ಹಾಸಿಗೆ ಆರಿಸಿದರು. ಡಾಕ್ಟರದು ತುಂಬಿದ ಮೂಟೆಯಂಥ ಮೈ. ಅವರ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಕಡ್ಡಿಯ ಹಾಗೆ. ಡಾಕ್ಟರು ಅಂಗಡಿಯಲ್ಲಿ ಒಬ್ಬರೇ ಮಲಗಿ ನೋಡಿ, "ಮೋಡದ ಮೇಲೆ ತೇಲಿದ ಹಾಗಿದೆ" ಎಂದರು. ದಪ್ಪ ಸ್ಪಂಜಿನ ಹಾಸಿಗೆ ಮನೆಗೆ ಹೋಯಿತು.

ಸ್ವಲ್ಪ ದಿನದ ಮೇಲೆ ದಿಂಬು ಕೊಡಲು ಹೋದಾಗ ಅಕ್ಕ ಸೊಂಟ ನೀವಿಕೊಳ್ಳುತ್ತಿದ್ದರು.

"ಏನಕ್ಕಾ, ಮೋಡ ಹೇಗಿದೆ?"

"ಮೋಡ ಅಲ್ಲ ಕಣಪ್ಪ, ಗುಂಡಿ. ಅವ್ರು ಮಲಗಿದ ಕಡೆ ಹಳ್ಳ ಬೀಳುತ್ತೆ. ನಾನು ಉರುಳ್ಕೊಂಡು ಹೋಗಿ ಅವ್ರ ಬೆನ್ನಿಗೆ ಅಂಟ್ಕೋತೀನಿ. ಮಂಚದ ಅಂಚು ಹಿಡ್ಕೊಂಡೇ ಬೆಳಗಾಗುತ್ತೆ."

ಇದನ್ನು ಅವರು ಗಂಡನಿಗೂ ಹೇಳಿದ್ದರು. ಡಾಕ್ಟರು ಕೇಳಿಸಿಕೊಂಡದ್ದು ಇಷ್ಟೇ: ಇವಳಿಗೆ ನಿದ್ದೆ ಬರುತ್ತಿಲ್ಲ. ಬೆಳಕು ಜಾಸ್ತಿಯಾಯಿತು ಎಂದು ದಪ್ಪ ಪರದೆ ಹಾಕಿಸಿದರು. ಕೋಣೆ ಗುಹೆಯಾಯಿತು. ಗುಹೆಗೆ ಬೆಳಕು ಬೇಕಲ್ಲ, ಅದಕ್ಕೆ ಎರಡು ಕಡೆ ದೀಪ ಇಡಿಸಿದರು. ಕಣ್ಣಿಗೆ ತಂಪು ಎಂದು ತಿಳಿ ಹಸಿರು ಬೆಡ್‌ಶೀಟ್ ಬಂತು. ಹೆಂಗಸರ ಮನಸ್ಸಿಗೆ ಹಿತ ಎಂದು ಡ್ರೆಸ್ಸಿಂಗ್ ಟೇಬಲ್ ತರಿಸಿದರು. ನಾನು ಅದನ್ನು ಒಳಗಿಟ್ಟ ಮೇಲೆ ಬಾಗಿಲು ಅರ್ಧಕ್ಕೇ ನಿಂತಿತು. ಡಾಕ್ಟರು ಹೊಟ್ಟೆ ಒಳಗೆಳೆದುಕೊಂಡು ನುಸುಳಿ, "ಈಗ ನೋಡು ಕಳೆ!" ಎಂದರು.

ಅದಕ್ಕೂ ಅಕ್ಕ ಮಣಿಯಲಿಲ್ಲ. ಕೊನೆಗೆ ಸ್ಪಂಜು ಇಳಿಸಿ, ಹಲಗೆಯಂಥ ಗಟ್ಟಿ ಹಾಸಿಗೆ ಹತ್ತಿಸಿದೆ. ಅಕ್ಕ ಅದರ ಮೇಲೆ ಮೊಣಕೈ ಊರಿ ನೋಡಿದರು. ಚಾಪೆ, ದಿಂಬು, ಹೊದಿಕೆ ಎತ್ತಿಕೊಂಡು ನಡುಮನೆಗೆ ಬಂದರು.

"ಇದಕ್ಕಿಂತ ನೆಲಾನೇ ವಾಸಿ. ಆ ರೂಮು ಇನ್ನು ನಿಮ್ದೇ ಕಣ್ರೀ. ನಾನಂತೂ ಒಳಗೆ ಕಾಲಿಡಲ್ಲ."

ಮೊದಮೊದಲು ಡಾಕ್ಟರು ನಕ್ಕರು. ಆಮೇಲೆ ಅಂಗಡಿಯಲ್ಲಿ ನಿಂತಲ್ಲೇ ತೂಕಡಿಸತೊಡಗಿದರು. ಗಿರಾಕಿಯ ಸೊಂಟದ ಕೆಳಗೆ ಕೈ ಇಟ್ಟು ಕಣ್ಣು ಮುಚ್ಚಿದವರು ತೆರೆಯಲೇ ಇಲ್ಲ. ನಾನೇ ಹೋಗಿ ಅಲುಗಾಡಿಸಬೇಕಾಯಿತು. ಒಂದು ದಿನ ಗಾಡಿಯಲ್ಲಿ ನನ್ನ ಪಕ್ಕ ಕೂತು ಬಾಯಿ ಬಿಟ್ಟರು.

"ಅವ್ಳು ಪಕ್ಕದಲ್ಲಿ ಗೊಣಗ್ತಾ ಇಲ್ದಿದ್ರೆ ನಿದ್ದೇನೇ ಹತ್ತಲ್ಲ ಕಣಯ್ಯ."

"ಹಾಗಂತ ಅಕ್ಕಂಗೇ ಹೇಳಿ ಡಾಕ್ಟ್ರೇ."

"ಹೇಳಿದ್ರೆ ಸಣ್ಣವನಾಗಿಬಿಡ್ತೀನಿ."

ಅಷ್ಟು ದೊಡ್ಡ ಮೈಯವರಿಗೆ ಆ ಭಯ. ಬಾಯಿಬಿಟ್ಟು ಒಂದು ಮಾತು ಹೇಳುವ ಬದಲು ಹೊಸ ಮಂಚವನ್ನೇ ಕೊಳ್ಳಲು ಹೊರಟರು. ಬಣ್ಣ ಆರಿಸುವುದಕ್ಕೆಂದು ಅಕ್ಕನನ್ನು ಅಂಗಡಿಗೆ ಕರೆಸಿದರು.

ಅಲ್ಲಿ ಅಂಗಡಿಯ ಯಜಮಾನರಿದ್ದರು, ಗಿರಾಕಿ ಗಂಡ ಹೆಂಡತಿ ಇದ್ದರು, ನಾನಿದ್ದೆ. ಮಂಚದ ಮೇಲೆ ಮೆತ್ತನೆ ಹಾಸಿಗೆ ಹಾಸಿತ್ತು. ಅಕ್ಕ ಚಪ್ಪಲಿ ಬಿಟ್ಟು ಅದರ ಮೇಲೆ ಮಲಗಿಯೇ ಬಿಟ್ಟರು.

"ಬಣ್ಣ ಹಾಗಿರ್ಲಿ. ನೀವೂ ಬನ್ನಿ, ಮಲಗಿ."

ಡಾಕ್ಟರ ಮುಖ ಕೆಂಪಾಯಿತು. "ಏ, ಇಲ್ಲೇನೇ? ಜನ ಇದಾರೆ ಕಣೇ!"

"ಇರ್ಲಿ. ಮಲಗ್ತೀರೋ, ಇಲ್ಲ ಹೊಸ ಚಾಪೆ ತಗೊಂಡು ಮನೆಗೆ ಹೋಗ್ಲೋ?"

ಡಾಕ್ಟರು ಯಜಮಾನರ ಕಡೆ ನೋಡಿದರು. ಯಜಮಾನರು ಫ್ಯಾನಿನ ಕಡೆ ನೋಡಿದರು. ಬೇರೆ ದಾರಿ ಇಲ್ಲದೆ ಡಾಕ್ಟರು ಬೂಟು ಕಳಚಿ, ಉಸಿರು ಬಿಗಿಹಿಡಿದು ಮಲಗಿದರು. ಮಂಚ ನರಳಿತು. ಅಕ್ಕ ದೊಪ್ಪನೆ ಉರುಳಿ ಅವರ ಕಂಕುಳಿಗೆ ಬಿದ್ದರು.

"ನೋಡಿದ್ರಾ? ನಾನಾಗಿ ಬರ್ಲಿಲ್ಲ. ನಿಮ್ಮ ಭಾರಾನೇ ಎಳ್ಕೊಳ್ತು."

"ನಂಗೆ... ಗೊತ್ತೇ ಇರ್ಲಿಲ್ಲ."

"ಊರೋರ ಸೊಂಟದ ಕೆಳಗೆಲ್ಲಾ ಕೈ ಹಾಕಿ ನೋಡ್ತೀರಾ. ಮನೇಲಿ ಪಕ್ಕದಲ್ಲಿರೋಳು ಎಲ್ಲಿ ಬಿದ್ದಿದಾಳೆ ಅಂತ ತಿರುಗಿ ನೋಡಿದ್ರಾ?"

ಗಿರಾಕಿ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವರ ಗಂಡ ನಗಲಿಲ್ಲ. ಅವರದೂ ಡಾಕ್ಟರ ಥರದ್ದೇ ಮೈ.

ಅಕ್ಕ ಅಲ್ಲಿಂದಲೇ ತೀರ್ಪು ಕೊಟ್ಟರು. "ಒಂದೇ ಮಂಚ, ಎರಡು ಹಾಸಿಗೆ. ನಂಗೆ ಮೆತ್ತಗಿನ್ದು, ನಿಮ್ಗೆ ಗಟ್ಟಿದು."

"ಎರಡಾ? ನೋಡಿದವ್ರು ಗಂಡ ಹೆಂಡ್ತಿಗೆ ಜಗಳ ಅಂತಾರೆ ಕಣೇ."

"ಜಗಳ ಆಗಿರೋದು ಸುಳ್ಳಾ?"

ಡಾಕ್ಟರು ಮಲಗಿದಲ್ಲೇ ಅಕ್ಕನ ಕಡೆ ತಿರುಗಿದರು. ಆಮೇಲೆ ಪಿಸುಮಾತಿನಲ್ಲಿ ಹೇಳಿದರು. ಅವರ ಪಿಸುಮಾತು ಬೀದಿಯವರೆಗೂ ಕೇಳುತ್ತದೆ.

"ಬಂದುಬಿಡೇ ಒಳಗೆ. ನೀನಿಲ್ದೆ ನಿದ್ದೆ ಬರ್ತಿಲ್ಲ."

ಅಕ್ಕ ಎದ್ದು ಕೂದಲು ಸರಿ ಮಾಡಿಕೊಂಡರು. "ಈ ಹಾಳು ಮಾತಿಗೆ ಇಷ್ಟೊಂದು ಸಾಮಾನು ಬೇಕಿತ್ತಾ? ಮೊದ್ಲು ಆ ಕನ್ನಡಿ ಟೇಬಲ್ ಆಚೆ ಹಾಕ್ಸಿ. ಬರ್ತೀನಿ."

ಟೇಬಲ್ ಇಳಿಸಿದೆ, ಹಾಸಿಗೆಗಳನ್ನು ಹತ್ತಿಸಿದೆ. ಅವತ್ತು ಸಂಜೆಯೇ ಅಕ್ಕ ಚಾಪೆ ಸುತ್ತಿ ಅಟ್ಟಕ್ಕೆಸೆದರು.

ಈಗ ಡಾಕ್ಟರು ಬಂದ ಜೋಡಿಗಳನ್ನೆಲ್ಲ ಒಟ್ಟಿಗೆ ಮಲಗಿಸುತ್ತಾರೆ. ನಾಚಿಕೊಂಡವರಿಗೆ, "ಇದು ನಾನೇ ಕಂಡುಹಿಡಿದ ಪದ್ಧತಿ ಸಾರ್, ತುಂಬಾ ಯೋಚನೆ ಮಾಡಿ ಕಂಡುಹಿಡಿದೆ" ಎನ್ನುತ್ತಾರೆ. ನನ್ನ ಎದುರಿಗೇ ಹೇಳುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ನೀವೂ ಒಮ್ಮೆ ಹೋಗಿ. ಗಂಡ ಹೆಂಡತಿ ಇಬ್ಬರೂ ಹೋಗಿ. ಡಾಕ್ಟರು ಹೇಳುವುದನ್ನು ಪೂರ್ತಿ ಕೇಳಿ, ಅರ್ಧ ನಂಬಿ. ಅಕ್ಕ ಈಗ ಡಾಕ್ಟರಿಗೆ ಊಟ ತಂದು, ಮಧ್ಯಾಹ್ನದ ಹೊತ್ತು ಅಂಗಡಿಯಲ್ಲೇ ಇರುತ್ತಾರೆ. ಅವರನ್ನು ಮಾತಾಡಿಸದೆ ಮಾತ್ರ ಬರಬೇಡಿ.